ಒಂದು ದಫ್ತರ, ಎರಡು ಕಂಪ್ಯೂಟರ್

ಅಪ್ಪ ತೀರಿಕೊಂಡ ಮೇಲೆ ಊರಿನಿಂದ ಹೈದರಾಬಾದಿನ ನಮ್ಮ ಮನೆಗೆ ಬಂದ ಸಾಮಾನಿನಲ್ಲಿ ಒಂದು ತಗಡಿನ ಟ್ರಂಕು ಇತ್ತು. ಒಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಕಾಗದಗಳು. ಕೆಲವು ಕನ್ನಡದಲ್ಲಿ, ಒಂದೆರಡು ಮೋಡಿಯಲ್ಲಿ, ಉಳಿದವೆಲ್ಲ ಉರ್ದುವಿನಲ್ಲಿ. ನನಗೆ ಉರ್ದು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಊರಿಗೆ ಬಂದು ನೆಲೆಸಿದ ನಮ್ಮಲ್ಲಿ ಬಹಳ ಮಂದಿಯ ಪಾಡು ಇದೇ. ಹಾಗಾಗಿ ಓಣಿಯ ಕೊನೆಯ ಮನೆಯ ಚಚಾ ಅವರ ಬಳಿ ಒಯ್ದೆ. ಅವರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು. ‘ಖಾಸ್ರಾ ಪಹಣಿ. 1954-55ರದು. ಸಂಭಾಲ್ ಕೇ ರಖೋ ಬಾವಾ, ಸೋನಾ ಹೈ ಯೇ.’

ಚಿನ್ನ ಎಂದದ್ದು ಉತ್ಪ್ರೇಕ್ಷೆಯಲ್ಲ. ನಿಜಾಮನ ರಾಜ್ಯದ ಭಾಗವಾಗಿದ್ದ ಜಿಲ್ಲೆಗಳಲ್ಲಿ ಇಂದಿಗೂ ಜಮೀನಿನ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿದರೆ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಇದೊಂದು.

ಡಿಜಿಟಲ್ ತಂತ್ರಜ್ಞಾನ ಸರ್ಕಾರಿ ಸೇವೆಯನ್ನು ಹೇಗೆ ಬದಲಿಸಿತು ಎಂಬ ಮಾತು ಬಂದಾಗ ಈ ನಗರದಲ್ಲಿ ಎಲ್ಲರೂ ಹೈಟೆಕ್ ಸಿಟಿಯ ಕಡೆ ಕೈ ತೋರಿಸುತ್ತಾರೆ. ನನಗೆ ನೆನಪಾಗುವುದು ಈ ಟ್ರಂಕು. ಏಕೆಂದರೆ ಇದರಲ್ಲಿರುವಂಥ ಕಾಗದಗಳು ಒಂದೇ ದಫ್ತರದಿಂದ ಹೊರಟು, 1956ರಲ್ಲಿ ಎರಡು ರಾಜ್ಯಗಳ ಪಾಲಾಗಿ, ಮುಂದೆ ಎರಡು ಬೇರೆ ಬೇರೆ ಕಂಪ್ಯೂಟರುಗಳನ್ನು ಹೊಕ್ಕವು. ಒಂದರ ಹೆಸರು ‘ಭೂಮಿ’, ಇನ್ನೊಂದರ ಹೆಸರು ‘ಧರಣಿ’. ಅರ್ಥ ಒಂದೇ, ನಡೆದ ಕತೆ ಬೇರೆ.

ಕತೆ ಶುರುವಾಗುವುದು ಮೊದಲನೆಯ ಸಾಲಾರ್ ಜಂಗ್ ಅವರಿಂದ. 1853ರಲ್ಲಿ ಅವರು ದಿವಾನರಾದಾಗ ಕಂದಾಯ ವಸೂಲಿ ಗುತ್ತಿಗೆಯ ವ್ಯವಹಾರವಾಗಿತ್ತು. ಹೆಚ್ಚು ಹಣ ಕಟ್ಟುತ್ತೇನೆಂದವನಿಗೆ ಸೀಮೆಯನ್ನೇ ಬಿಟ್ಟುಕೊಡುತ್ತಿದ್ದರು. ಅವನು ರೈತನಿಂದ ಎಷ್ಟು ಹಿಂಡಿದ ಎಂದು ಕೇಳುವವರಿರಲಿಲ್ಲ. ಸಾಲಾರ್ ಜಂಗ್ ಆ ಪದ್ಧತಿಯನ್ನು ಕಿತ್ತು, 1865ರ ಜಿಲ್ಲಾಬಂದಿಯಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಕಲೆಕ್ಟರನಿಗೆ ಇಲ್ಲಿ ‘ಅವ್ವಲ್ ತಾಲೂಕ್ದಾರ್’ ಎಂದು ಹೆಸರು. 1870ರ ದಶಕದಿಂದ ಬೊಂಬಾಯಿ ಮಾದರಿಯಲ್ಲಿ ಭೂಮಾಪನ ನಡೆಯಿತು. ಕರಾವಳಿ ಆಂಧ್ರದವರು ಹೊಲವನ್ನು ಎಕರೆ-ಸೆಂಟುಗಳಲ್ಲಿ ಹೇಳಿದರೆ ತೆಲಂಗಾಣದವರು ನಮ್ಮ ಹಾಗೆ ಎಕರೆ-ಗುಂಟೆಗಳಲ್ಲಿ ಹೇಳುವುದು ಆ ಮಾದರಿಯಿಂದಲೇ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಕಲಬುರಗಿಯಲ್ಲೂ ಸರಿ, ಕರೀಂನಗರದಲ್ಲೂ ಸರಿ.

ಅಳತೆಯೇನೋ ಸರ್ಕಾರದ್ದಾಯಿತು. ಬರವಣಿಗೆ ಮಾತ್ರ ಊರಿನ ಪಟವಾರಿಯ ಕೈಯಲ್ಲೇ ಉಳಿಯಿತು. ಅದು ವಂಶಪಾರಂಪರ್ಯದ ವತನ. ಪಟವಾರಿ ಅಥವಾ ಕುಲಕರ್ಣಿ ಲೆಕ್ಕ ಬರೆಯುವವನು, ಮಾಲಿ ಪಟೇಲ ಕಂದಾಯ ಎತ್ತುವವನು, ಪೊಲೀಸ್ ಪಟೇಲ ಊರ ಕಾನೂನು ನೋಡುವವನು. ನಮ್ಮ ಕಡೆಯ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ಇನಾಮದಾರ ಎಂಬ ಅಡ್ಡಹೆಸರುಗಳನ್ನು ಒಟ್ಟಿಗೆ ಇಟ್ಟರೆ ನಿಜಾಮನ ಕಂದಾಯ ಇಲಾಖೆಯ ಅರ್ಧ ಸಿಬ್ಬಂದಿಪಟ್ಟಿ ಸಿದ್ಧವಾಗುತ್ತದೆ! ಊರಿನ ದಫ್ತರ ಇರುತ್ತಿದ್ದದ್ದು ಪಟವಾರಿಯ ಮನೆಯಲ್ಲಿ, ಬಟ್ಟೆಯ ಗಂಟಿನಲ್ಲಿ. ಯಾವ ಹೊಲ ಯಾರದ್ದು, ಉಳುವವನು ಯಾರು, ತೀರಿಕೊಂಡವನ ಹೆಸರು ತೆಗೆದು ಯಾರ ಹೆಸರು ಸೇರಿಸಬೇಕು, ಎಲ್ಲವೂ ಆ ಗಂಟಿನೊಳಗೆ. ಗಂಟು ಬಿಚ್ಚಿಸಬೇಕಾದರೆ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲಬೇಕು, ಬರುವಾಗ ಏನಾದರೂ ತರಬೇಕು. 1946ರಿಂದ 1951ರವರೆಗಿನ ತೆಲಂಗಾಣ ರೈತ ಹೋರಾಟದಲ್ಲಿ ಜನ ದೇಶಮುಖರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಕಾಗದದಲ್ಲಿ ಎಂಥ ಶಕ್ತಿ ಅಡಗಿದೆ ಎಂಬುದು ಓದು ಬಾರದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಬರೆಯುವ ಲಿಪಿಯದ್ದೂ ಒಂದು ತೊಡಕಿತ್ತು. ಪಟವಾರಿ ತನ್ನ ಪುಸ್ತಕವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಮೋಡಿಯಲ್ಲೋ ಬರೆದರೂ ಮೇಲಿನ ಕಚೇರಿಯಲ್ಲಿ ಅದು ಉರ್ದುವಾಗಬೇಕು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ‘ಳ’ಕಾರಕ್ಕೆ ಅಕ್ಷರವೇ ಇಲ್ಲ, ‘ಲ’ ಬರೆಯಬೇಕು. ಕೂಡುಬರಹದಲ್ಲಿ ಚುಕ್ಕೆ ಬಿಟ್ಟುಹೋದರೆ ‘ಬ’, ‘ಪ’, ‘ತ’ ಮೂರೂ ಒಂದೇ. ಮಾಳಪ್ಪ ಹಾಗೆ ಮಾಲಪ್ಪನಾಗುತ್ತಾನೆ. ಮುಂದೊಂದು ದಿನ ಬೇರೊಬ್ಬ ಗುಮಾಸ್ತ ಅದನ್ನು ಮತ್ತೆ ಕನ್ನಡಕ್ಕೋ ತೆಲುಗಿಗೋ ಇಳಿಸುವಾಗ ಮಲ್ಲಪ್ಪನೂ ಆಗಬಹುದು. ಅಜ್ಜ ಬದುಕಿರುವಷ್ಟು ದಿನ ಇದರಿಂದ ಏನೂ ಕೆಡುವುದಿಲ್ಲ, ಊರಿಗೆಲ್ಲ ಅವನ ಗುರುತಿದೆ. ಅವನು ಹೋಗಿ ಮೊಮ್ಮಕ್ಕಳು ಹೈದರಾಬಾದು ಸೇರಿದ ಮೇಲೆ, ಸತ್ತವನು ಮಾಳಪ್ಪನೋ ಮಲ್ಲಪ್ಪನೋ ಎಂದು ಕಚೇರಿ ಕೇಳುತ್ತದೆ.

1948ರ ಪೊಲೀಸ್ ಕಾರ್ಯಾಚರಣೆಯ ನಂತರ ಕೆಲಸ ವೇಗವಾಗಿ ನಡೆಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ರಾಜ್ಯದ ಸುಮಾರು ಮೂರನೇ ಒಂದು ಪಾಲು ನೆಲ ಅಲ್ಲಿಯವರೆಗೆ ಜಾಗೀರುದಾರರ ಕೈಯಲ್ಲಿತ್ತು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂತು. ಇವುಗಳ ಬೆನ್ನಿಗೆ, ನೆಲದ ಮೇಲೆ ನಿಜವಾಗಿ ಯಾರಿದ್ದಾರೆ ಎಂದು ಹೊಲಹೊಲ ತಿರುಗಿ ಬರೆದದ್ದೇ 1954-55ರ ಖಾಸ್ರಾ ಪಹಣಿ. ಪಟ್ಟೇದಾರನ ಹೆಸರಿನ ಜೊತೆಗೆ ಕಬ್ಜಾದಾರನ ಹೆಸರು, ಅಂದರೆ ಉಳುತ್ತಿರುವವನ ಹೆಸರೂ ಅದರಲ್ಲಿತ್ತು. ಆ ಎರಡನೆಯ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮರುವರ್ಷವೇ, 1956ರ ನವೆಂಬರ್ 1ಕ್ಕೆ, ರಾಜ್ಯ ಮೂರು ಹೋಳಾಯಿತು. ದಫ್ತರಗಳೂ ಹೋಳಾದವು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ರಾಯಚೂರಿನ ಗದ್ವಾಲ, ಆಲಂಪುರ ಕೂಡ ಹೋದವು. ಬೀದರಿನಿಂದ ನಾರಾಯಣಖೇಡ ಹೋಯಿತು. ಜಹೀರಾಬಾದ್ ತಾಲ್ಲೂಕು ಹೋಯಿತು, ಆದರೆ ಅದರ ನಿರ್ಣಾ ಸರ್ಕಲ್ ಮಾತ್ರ ಮೈಸೂರು ರಾಜ್ಯಕ್ಕೆ ಉಳಿಯಿತು. ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರದ ಪಾಲಾಯಿತು. ಗಡಿ ಎಳೆದವರು ಕಂದಾಯ ಸರ್ಕಲ್ಲುಗಳ ಮಟ್ಟಕ್ಕೆ ಇಳಿದಿದ್ದರು. ನೆನ್ನೆಯವರೆಗೆ ಒಂದೇ ಕಪಾಟಿನಲ್ಲಿದ್ದ ಗಂಟುಗಳಲ್ಲಿ ಒಂದನ್ನು ಕಲಬುರಗಿಗೆ, ಮತ್ತೊಂದನ್ನು ಮಹಬೂಬ್‌ನಗರಕ್ಕೆ ಲೆಕ್ಕ ಹಾಕಿದರು. ಈ ನಗರದ ಕನ್ನಡ ಮನೆಗಳಲ್ಲಿ ಅಪ್ಪನ ಹೊಲ ಒಂದು ಕಡೆ, ಅವ್ವನ ತವರಿನ ಹೊಲ ಇನ್ನೊಂದು ಕಡೆ ಇರುವುದು ಅಪರೂಪವೇನಲ್ಲ.

ಪಟವಾರಿಯ ಮನೆಯಿಂದ ಗಂಟನ್ನು ಹೊರತರುವ ಕೆಲಸವನ್ನು ಎರಡೂ ಕಡೆ ಕಾನೂನಿನಿಂದಲೇ ಮಾಡಿದರು. ಕರ್ನಾಟಕದಲ್ಲಿ 1961ರ ಕಾನೂನು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದು ಗ್ರಾಮಲೆಕ್ಕಿಗರನ್ನು ತಂದಿತು. ಆಂಧ್ರದಲ್ಲಿ ಅದಕ್ಕೆ 1984ರವರೆಗೆ ಕಾಯಬೇಕಾಯಿತು, ಎನ್.ಟಿ. ರಾಮರಾವ್ ಸರ್ಕಾರ ಜನವರಿಯಲ್ಲಿ ಪಟೇಲ-ಪಟವಾರಿ ಪದ್ಧತಿಯನ್ನು ಒಂದೇ ಏಟಿಗೆ ರದ್ದು ಮಾಡಿತು. ಗಂಟು ಮನೆ ಬದಲಿಸಿತು, ಲೇಖಣಿ ಹಿಡಿದವನೂ ಬದಲಾದ. ಆದರೆ ಒಂದು ನಕಲು ಬೇಕಾದರೆ ಅವನನ್ನು ಹುಡುಕಿಕೊಂಡು ಅಲೆಯುವುದು ತಪ್ಪಲಿಲ್ಲ.

ಕಂಪ್ಯೂಟರ್ ಬಂದದ್ದು ಇಲ್ಲಿಗೆ. ಹೈದರಾಬಾದಿಗೆ ಅದು ಹೊಸದೇನಲ್ಲ, 1967ರಲ್ಲೇ ಇಲ್ಲಿ ಇಸಿಐಎಲ್ ಸ್ಥಾಪನೆಯಾಗಿತ್ತು. ಆದರೆ ಸಾಮಾನ್ಯ ಮನುಷ್ಯನಿಗೆ ಅದರ ಉಪಯೋಗ ಕಂಡದ್ದು ಚಂದ್ರಬಾಬು ನಾಯ್ಡು ಅವರ ಕಾಲದಲ್ಲಿ. 1998ರ ನವೆಂಬರಿನಲ್ಲಿ ನೋಂದಣಿ ಇಲಾಖೆಯ ‘ಕಾರ್ಡ್’ ಯೋಜನೆ ಜಾರಿಗೆ ಬಂತು. ಅಲ್ಲಿಯವರೆಗೆ ಕ್ರಯಪತ್ರವನ್ನು ಗುಮಾಸ್ತರು ಕೈಯಲ್ಲಿ ಪುಸ್ತಕಕ್ಕೆ ನಕಲು ಮಾಡುತ್ತಿದ್ದರು, ಋಣಭಾರ ಪತ್ರ ಬೇಕಾದರೆ ವರ್ಷವರ್ಷದ ಸೂಚಿ ಪುಸ್ತಕಗಳನ್ನು ತಿರುವಿ ಹಾಕಬೇಕಿತ್ತು. ದಿನಗಟ್ಟಲೆ ಹಿಡಿಯುತ್ತಿದ್ದ ಆ ಹುಡುಕಾಟ ನಿಮಿಷಗಳಿಗೆ ಇಳಿಯಿತು. 1999ರ ಡಿಸೆಂಬರಿನಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಅವಳಿ ನಗರಗಳಿಗಾಗಿ ‘ಟ್ವಿನ್ಸ್’ ಎಂಬ ಪ್ರಯೋಗ ಶುರುವಾಯಿತು. 2001ರ ಆಗಸ್ಟಿನಲ್ಲಿ ಅದೇ ‘ಇ-ಸೇವಾ’ ಆಯಿತು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಯಾವ ಕೌಂಟರಿನಲ್ಲಿ ಬೇಕಾದರೂ, ಕರೆಂಟು, ನೀರು, ಫೋನು, ಮನೆ ತೆರಿಗೆ ಎಲ್ಲವನ್ನೂ ಕಟ್ಟಬಹುದಿತ್ತು, ಜನನ-ಮರಣ ಪತ್ರ ಪಡೆಯಬಹುದಿತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಕಚೇರಿಯ ಮುಂದೆ ರಜೆ ಹಾಕಿ ನಿಂತ ತಲೆಮಾರಿಗೆ ಅದೆಷ್ಟು ದೊಡ್ಡ ಬಿಡುಗಡೆ ಎಂಬುದು ಈಗ ಫೋನಿನಲ್ಲಿ ಬಿಲ್ಲು ಕಟ್ಟುವ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ.

ಆದರೆ ಕರೆಂಟು ಬಿಲ್ಲು ಸುಲಭದ ವಿಷಯ. ಮೀಟರ್ ಓದಿದ್ದಾಗಿದೆ, ಮೊತ್ತ ಗೊತ್ತಿದೆ. ಉಳಿದದ್ದು ಹಣ ಕೊಡುವುದು, ರಸೀದಿ ಪಡೆಯುವುದು. ಪಹಣಿಯಲ್ಲಿ ಹಾಗಲ್ಲ. ಅಲ್ಲಿ ಒಬ್ಬನ ಹೆಸರು ಬಂತೆಂದರೆ ಇನ್ನೊಬ್ಬನ ಹೆಸರು ಹೋಯಿತು ಎಂದೇ ಅರ್ಥ. ಕೌಂಟರಿನ ಈಚೆ ಇಬ್ಬರು ನಿಂತಿರುತ್ತಾರೆ, ಕಂಪ್ಯೂಟರಿನಲ್ಲಿ ಒಂದೇ ಸಾಲು ಇರುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆಯ ಹೆಚ್ಚುಗಾರಿಕೆ ಇರುವುದು ಇದನ್ನು ಅರ್ಥ ಮಾಡಿಕೊಂಡದ್ದರಲ್ಲಿ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆಯಿತು. ಎಸ್.ಎಂ. ಕೃಷ್ಣ ಅವರ ಸರ್ಕಾರವಿದ್ದಾಗ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2002ರ ಹೊತ್ತಿಗೆ 177 ತಾಲ್ಲೂಕುಗಳನ್ನೂ ಅದು ಮುಟ್ಟಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಕಂಪ್ಯೂಟರಿಗೆ ಏರಿಸಿದ್ದನ್ನು ಮುದ್ರಿಸಿ ಗ್ರಾಮಲೆಕ್ಕಿಗರಿಗೆ ಮರಳಿ ಕೊಟ್ಟು ತಪ್ಪು ತಿದ್ದಿಸಿದರು. ಆಮೇಲೆ ಕೈಬರಹದ ಪಹಣಿ ಇನ್ನು ಊರ್ಜಿತವಲ್ಲ ಎಂದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕಿಟಕಿಯಲ್ಲಿ ಎರಡು ಪರದೆ, ಒಂದು ಗುಮಾಸ್ತನಿಗೆ, ಇನ್ನೊಂದು ರೈತನ ಕಡೆ ಮುಖ ಮಾಡಿದ್ದು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ಖರ್ಚು ಆ ಎರಡನೆಯ ಪರದೆಗೆ ಆದದ್ದು. ನೂರು ವರ್ಷ ಗಂಟಿನೊಳಗಿದ್ದ ಸಾಲು ಮೊದಲ ಬಾರಿ ರೈತನ ಕಡೆ ತಿರುಗಿತು.

ಖಾತೆ ಬದಲಾವಣೆಗೆ ಬಂದ ಅರ್ಜಿಗಳಿಗೂ ಸರತಿ ಇಟ್ಟರು. ಮೊದಲು ಬಂದದ್ದು ಮೊದಲು ಹೋಗಬೇಕು. ಹಿಂದಿನದನ್ನು ಮುಗಿಸದೆ ಮುಂದಿನದನ್ನು ಕಂಪ್ಯೂಟರ್ ತೆರೆಯುವುದಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟು ಒಳಹೋಗಬೇಕು, ಆದ್ದರಿಂದ ‘ಅದನ್ನು ಮಾಡಿದ್ದು ನಾನಲ್ಲ’ ಎನ್ನುವಂತಿಲ್ಲ. ಇಷ್ಟೆಲ್ಲ ಯಂತ್ರವಿದ್ದರೂ ಹಳೆಯ ನಿಯಮವೊಂದನ್ನು ಬಿಡಲಿಲ್ಲ. ಬದಲಾವಣೆಗೆ ಮೊದಲು ನೋಟಿಸ್ ಹೊರಡಬೇಕಿತ್ತು, ತಕರಾರಿದ್ದವರಿಗೆ ಆಗ 30 ದಿನ ಅವಕಾಶವಿತ್ತು. ಕಂಪ್ಯೂಟರ್ ಕಾಯಬೇಕಿತ್ತು.

ಭೂಮಿಯನ್ನು ಹೊಗಳುವವರ ನಡುವೆ ಬೈದವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ, ಬೆಂಗಳೂರಿನ ಸುತ್ತಮುತ್ತ ಇದರ ಲಾಭ ಹೆಚ್ಚಾಗಿ ಸಿಕ್ಕಿದ್ದು ದೊಡ್ಡ ಭೂ ವ್ಯವಹಾರದವರಿಗೆ, ಲಂಚ ನಿಲ್ಲಲಿಲ್ಲ, ಮೇಲಿನ ಮಟ್ಟಕ್ಕೆ ಹೋಯಿತು ಎಂದು ವಾದಿಸಿತು. ಊರಲ್ಲಿ ಕೈಗೆ ಸಿಗುತ್ತಿದ್ದ ಲೆಕ್ಕಿಗನ ಬದಲು ತಾಲ್ಲೂಕಿಗೆ ಬಸ್ಸು ಹಿಡಿಯಬೇಕಾದ್ದೂ ನಿಜ. ಇನ್ನು, ಹಳೆಯ ತಪ್ಪುಗಳು ಹಾಗೆಯೇ ಒಳಹೊಕ್ಕವು. ನಮ್ಮಜ್ಜನ ಹೆಸರಿನಲ್ಲಿದ್ದ ‘ಳ’ ಎಂದೋ ಉರ್ದುವಿನಲ್ಲಿ ಕಳೆದುಹೋಗಿತ್ತು, ಅಚ್ಚಾದ ಪಹಣಿಯಲ್ಲೂ ಅದು ಮರಳಿ ಬಂದಿರಲಿಲ್ಲ. ಯಾವ ಕಚೇರಿ, ಯಾವ ತಾಲ್ಲೂಕು ಎಂದು ಹೇಳಲಾರೆ, ಅಲ್ಲಿದ್ದವರ ತಪ್ಪೂ ಅಲ್ಲ ಅದು. ಅಪ್ಪ ಎರಡು ಪ್ರಮಾಣಪತ್ರ, ಊರಿನ ಐದು ಮಂದಿಯ ಸಹಿಯ ಪಂಚನಾಮೆ ಹಿಡಿದು ಹನ್ನೊಂದು ತಿಂಗಳು ಓಡಾಡಿದರು. ‘ಕಂಪ್ಯೂಟರ್‌ನ್ಯಾಗ ಹಿಂಗೇ ಅದ ನೋಡ್ರಿ ಯಜಮಾನ್ರ’ ಎಂದು ಕಿಟಕಿಯ ಹುಡುಗ ಪರದೆ ತೋರಿಸಿದನಂತೆ. ‘ಕಂಪ್ಯೂಟರ್‌ಗೆ ನಮ್ಮಪ್ಪನ ಗುರ್ತು ಎಲ್ಲೈತಿ ತಮ್ಮಾ, ನಿಮ್ಮ ಸಾಹೇಬ್ರಿಗೆ ಹೇಳು’ ಎಂದರಂತೆ ಅಪ್ಪ. ಸಾಹೇಬರು ಇದ್ದರು, ಕಡತ ತರಿಸಿದರು, ಕೊನೆಗೆ ತಿದ್ದಿದರು. ತಡವಾಯಿತು, ಆದರೆ ತಿದ್ದುವ ಅಧಿಕಾರ ಇದ್ದವನೊಬ್ಬ ಅದೇ ಕಟ್ಟಡದಲ್ಲಿ ಕುಳಿತಿದ್ದ.

ಈಗ ಗಡಿಯ ಈಚೆಗೆ ಬರೋಣ. ಹೊಸ ತೆಲಂಗಾಣ 2017ರ ಸೆಪ್ಟೆಂಬರಿನಲ್ಲಿ ಭೂದಾಖಲೆಗಳನ್ನು ಶುದ್ಧಗೊಳಿಸುವ ನೂರು ದಿನಗಳ ಕೆಲಸ ಹಿಡಿಯಿತು. ತಕರಾರಿಲ್ಲದ ಜಮೀನು ಎ ಭಾಗಕ್ಕೆ, ತಕರಾರಿನದು ಬಿ ಭಾಗಕ್ಕೆ. 2018ರ ಮೇ ತಿಂಗಳಲ್ಲಿ ರೈತಬಂಧು ಬಂತು. ಹಂಗಾಮಿಗೆ ಎಕರೆಗೆ 4,000 ರೂಪಾಯಿ. ಹಣ ಹೋಗಬೇಕಾದದ್ದು ಪಟ್ಟೇದಾರನಿಗೆ, ಹಾಗಾಗಿ ದಾಖಲೆಯಲ್ಲಿ ಅವನ ಹೆಸರೊಂದಿದ್ದರೆ ಸಾಕು ಎಂದಾಯಿತು. ಉಳುವವನ ಅಂಕಣವನ್ನು ತೆಗೆದರು. 1954-55ರಲ್ಲಿ ಹೊಲಹೊಲ ತಿರುಗಿ ಬರೆದ ಆ ಎರಡನೆಯ ಹೆಸರು ಹೋದದ್ದು ಹೀಗೆ.

2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯಾಧಿಕಾರಿಯ ಹುದ್ದೆಯನ್ನೇ ರದ್ದು ಮಾಡಿ, ಅವರ ಬಳಿಯಿದ್ದ ದಾಖಲೆಗಳನ್ನು ವಶಕ್ಕೆ ಪಡೆದರು. 1984 ಕಂಡವರಿಗೆ ಇದು ಹಳೆಯ ಸಿನಿಮಾ ಮತ್ತೆ ನೋಡಿದ ಹಾಗಿತ್ತು. ಅಕ್ಟೋಬರ್ 29ರಂದು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಮೂಡುಚಿಂತಲಪಲ್ಲಿಯಲ್ಲಿ ‘ಧರಣಿ’ಯನ್ನು ಉದ್ಘಾಟಿಸಿದರು.

ಧರಣಿಯ ಗುಣವನ್ನು ಮೊದಲು ಹೇಳಬೇಕು. ಕೃಷಿ ಜಮೀನಿನ ನೋಂದಣಿಯನ್ನೂ ಖಾತೆ ಬದಲಾವಣೆಯನ್ನೂ ಅದು ತಹಶೀಲ್ದಾರರ ಒಂದೇ ಮೇಜಿಗೆ ತಂದಿತು. ಆನ್‌ಲೈನಿನಲ್ಲಿ ಸಮಯ ಕಾದಿರಿಸಿ ಹೋದರೆ ಅದೇ ದಿನ ಕೊಂಡವನ ಹೆಸರು ದಾಖಲೆಗೆ ಏರುತ್ತಿತ್ತು. ಕೊಳ್ಳುವವನು ಒಂದು ಇಲಾಖೆಯಲ್ಲಿ ನೋಂದಾಯಿಸಿ, ಇನ್ನೊಂದು ಇಲಾಖೆಯ ಹಿಂದೆ ತಿಂಗಳುಗಟ್ಟಲೆ ಅಲೆಯುವುದು ತಪ್ಪಿತು. ಯಾವ ತಕರಾರೂ ಇಲ್ಲದವನಿಗೆ ಅದಕ್ಕಿಂತ ಒಳ್ಳೆಯ ಸೇವೆ ಈ ನೆಲದಲ್ಲಿ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಕಷ್ಟವಾದದ್ದು ಉಳಿದವರಿಗೆ. ವಿಸ್ತೀರ್ಣ ತಪ್ಪಿದವರು, ಹೆಸರು ತಪ್ಪಿದವರು, ಮಾರಾಟಕ್ಕೆ ನಿಷೇಧವಿರುವ ಪಟ್ಟಿಯಲ್ಲಿ ಕಾರಣವಿಲ್ಲದೆ ಸೇರಿಹೋದವರು ತಹಶೀಲ್ದಾರರ ಬಳಿ ಹೋದರೆ, ತಮಗೆ ತಿದ್ದುವ ಅಧಿಕಾರವಿಲ್ಲ ಎಂಬ ಉತ್ತರ. ಪೋರ್ಟಲಿನಲ್ಲಿ ಅದಕ್ಕೆ ಆಯ್ಕೆಯೇ ಇರಲಿಲ್ಲ. ಒಂದೊಂದಾಗಿ ಆಯ್ಕೆಗಳನ್ನು ಆಮೇಲೆ ಸೇರಿಸಿದರು; ಅರ್ಜಿ ಜಿಲ್ಲಾ ಕಲೆಕ್ಟರರವರೆಗೆ ಹೋಗಬೇಕು, ಇಲ್ಲವೇ ಸಿವಿಲ್ ಕೋರ್ಟು. ‘ಸಾದಾ ಬೈನಾಮಾ’ ಎಂದರೆ ನೋಂದಣಿಯಿಲ್ಲದೆ ಬಿಳಿ ಕಾಗದದ ಮೇಲೆ ನಡೆದ ಕ್ರಯ. ಬಡವರು ಬಡವರಿಂದ ಕೊಂಡ ಹೊಲಗಳು ಇಂಥವೇ. ಲಕ್ಷಗಟ್ಟಲೆ ಅಂಥ ಅರ್ಜಿಗಳು ನಿಂತುಹೋದವು. ಮೂವತ್ತು ವರ್ಷ ಉತ್ತವನು ಪರದೆಯಲ್ಲಿ ಎಲ್ಲಿಯೂ ಇಲ್ಲ. ಎಂದೋ ಮಾರಿ ಪಟ್ಟಣ ಸೇರಿದವನ ಖಾತೆಗೆ ರೈತಬಂಧು ಹಣ ಜಮೆ.

ಧರಣಿಯಲ್ಲಿ ದೋಷವಿದ್ದದ್ದು ಯಂತ್ರದಲ್ಲಿ ಎಂದು ನನಗೆ ಅನಿಸುವುದಿಲ್ಲ. ಭೂಮಿಗಿಂತ ಅದರ ಯಂತ್ರ ಇಪ್ಪತ್ತು ವರ್ಷ ಹೊಸದು, ವೇಗವೂ ಹೆಚ್ಚು. ಆದರೆ ಭೂಮಿ ಮಾಡಿದವರು ತಕರಾರಿಗೆ ಜಾಗ ಬಿಟ್ಟಿದ್ದರು, ಧರಣಿ ಮಾಡಿದವರು ತಕರಾರನ್ನೇ ಇಲ್ಲವಾಗಿಸಲು ಹೊರಟರು. ಮೋಸ ಮಾಡುತ್ತಿದ್ದ ಕೈಯ ಜೊತೆಗೆ ಆ ಹೊಲವನ್ನು ಕಣ್ಣಾರೆ ಕಂಡಿದ್ದ ಕಣ್ಣನ್ನೂ ತೆಗೆದುಬಿಟ್ಟರು. ಪಟವಾರಿ ಎಷ್ಟೇ ಕೆಟ್ಟವನಾಗಿರಲಿ, ಬಾವಿಯ ಪಕ್ಕದ ಎರಡೆಕರೆಯಲ್ಲಿ ಜೋಳ ಬಿತ್ತುತ್ತಿರುವವನು ಯಾರು ಎಂಬುದು ಅವನಿಗೆ ಗೊತ್ತಿರುತ್ತಿತ್ತು.

2023ರ ಚುನಾವಣೆಯಲ್ಲಿ ಧರಣಿ ದೊಡ್ಡ ವಿಷಯವಾಯಿತು, ಸರ್ಕಾರ ಬದಲಾಯಿತು. ಹೊಸ ಮುಖ್ಯಮಂತ್ರಿ ರೇವಂತ್ ರೆಡ್ಡಿ ಕೊಡಂಗಲ್ಲಿನ ಶಾಸಕರು. 1956ಕ್ಕೆ ಮೊದಲು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕಾಗಿದ್ದ ಅದೇ ಕೊಡಂಗಲ್. 2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ‘ಭೂ ಭಾರತಿ’ ಬಂತು. ಹೊಸ ಕಾನೂನಿನಲ್ಲಿ ಮೇಲ್ಮನವಿಗೆ ದಾರಿ ಇದೆ, ಉಳುವವನ ವಿವರ ಪಹಣಿಗೆ ಮರಳುತ್ತದೆ. ಊರಿಗೊಬ್ಬ ಗ್ರಾಮ ಪಾಲನಾಧಿಕಾರಿಯನ್ನೂ ಮತ್ತೆ ತಂದರು. ಮೊದಲ ಪ್ರಯೋಗಕ್ಕೆ ಆರಿಸಿದ ನಾಲ್ಕು ಮಂಡಲಗಳಲ್ಲಿ ನಮ್ಮ ಗಡಿಗೆ ಹತ್ತಿರದ ನಾರಾಯಣಪೇಟೆ ಜಿಲ್ಲೆಯದೂ ಒಂದು. ಅದರ ಹೆಸರೂ ಮದ್ದೂರು! ಭೂಮಿ ಹುಟ್ಟಿದ ಮಂಡ್ಯದ ಮದ್ದೂರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಪತ್ರಿಕೆಯಲ್ಲಿ ಓದಿದಾಗ ಒಂದು ಕ್ಷಣ ನಕ್ಕೆ. ಅಲ್ಲಿ ಅಧಿಕಾರಿಗಳು ಊರಿಗೇ ಹೋಗಿ ಸಭೆ ನಡೆಸಿ ಅರ್ಜಿ ತೆಗೆದುಕೊಂಡರು. ಮೇಜು, ಕುರ್ಚಿ, ಮರದ ನೆರಳು, ಕಾಗದದ ಅರ್ಜಿ.

ಕರ್ನಾಟಕದಲ್ಲೀಗ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ನಡೆದಿದೆ. ಹಾಳೆ ಹರಿದರೂ ಚಿತ್ರ ಉಳಿಯುತ್ತದೆ, ನಡುರಾತ್ರಿ ಯಾರೋ ಹಾಳೆ ಬದಲಿಸುವುದು ತಪ್ಪುತ್ತದೆ. ಒಳ್ಳೆಯದೇ. ನಾನೂ ಟ್ರಂಕಿನ ಕಾಗದಗಳನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೇನೆ. ಆದರೆ ಆ ಅವಸರದ ಉರ್ದು ಕೂಡುಬರಹವನ್ನು, ಅದರೊಳಗಿನ ಫಸಲಿ ವರ್ಷವನ್ನು, ಚುಕ್ಕೆ ಬಿಟ್ಟ ಕನ್ನಡದ ಹೆಸರುಗಳನ್ನು ಓದಬಲ್ಲವರು ನನಗೆ ಗೊತ್ತಿರುವುದು ಚಚಾ ಒಬ್ಬರೇ, ಅವರಿಗೆ ಎಂಬತ್ತಮೂರು.

ಪ್ರತಿ ಶನಿವಾರ ಸಂಜೆ ಒಂದೊಂದು ಕಾಗದ ಹಿಡಿದು ಹೋಗುತ್ತೇನೆ. ಅವರು ಗಟ್ಟಿಯಾಗಿ ಓದುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಹೋದ ವಾರ ಓದಿದ ಸಾಲಿನಲ್ಲಿ ಪಟ್ಟೇದಾರನ ಹೆಸರು ನಮ್ಮ ಮುತ್ತಜ್ಜನದು. ಕಬ್ಜಾದಾರನ ಜಾಗದಲ್ಲಿ ಇನ್ನೊಂದು ಹೆಸರಿತ್ತು. ಊರಲ್ಲಿ ಕೇಳಿದೆ. ಅವರ ಮೊಮ್ಮಕ್ಕಳು ಈಗ ಇದೇ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರಂತೆ. ಹೊಲದಲ್ಲಿ ಅವರಿಗೆ ಏನು ಬಂತು, ಏನು ಬರಲಿಲ್ಲ ಎಂಬುದನ್ನು ಅಪ್ಪ ಎಂದೂ ಹೇಳಿರಲಿಲ್ಲ. ಆ ಕಾಗದದ ಒಂದು ಪ್ರತಿ ತೆಗೆಸಿ ಇಟ್ಟಿದ್ದೇನೆ, ಅವರ ವಿಳಾಸ ಸಿಗಬೇಕಷ್ಟೆ.